ಅಮೆರಿಕ ಸ್ವಾತಂತ್ರ್ಯ ಸಮರ: ದೊರೆಯ ಪಕ್ಷ ಬಿಡದ ವಸಾಹತುಗಾರರು

ಸ್ವಾತಂತ್ರ್ಯ ಹೋರಾಟವೆಂದೊಡನೆ ಒಂದೆಡೆ ಆಳುವವರು, ಇನ್ನೊಂದೆಡೆ ಒಗ್ಗಟ್ಟಾಗಿ ಎದ್ದು ನಿಂತ ಜನತೆ ಎಂಬ ಚಿತ್ರ ಕಣ್ಮುಂದೆ ಬರುತ್ತದೆ. 1775ರಿಂದ 1783ರವರೆಗೆ ನಡೆದ ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಶಾಲೆಯ ಪಠ್ಯಗಳು ಬಹುಕಾಲ ಹೇಳಿಕೊಂಡು ಬಂದದ್ದೂ ಹೀಗೆಯೇ. ವಾಸ್ತವ ಇಷ್ಟು ಸರಳವಾಗಿರಲಿಲ್ಲ. ಅಂದಿನ ಹದಿಮೂರು ವಸಾಹತುಗಳಲ್ಲಿ ಲಕ್ಷಾಂತರ ಜನ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್‌ಗೆ ನಿಷ್ಠರಾಗಿಯೇ ಉಳಿದರು. ಅವರಲ್ಲಿ ಸಾವಿರಾರು ಮಂದಿ ಆಯುಧ ಹಿಡಿದು ತಮ್ಮ ನೆರೆಹೊರೆಯವರ ವಿರುದ್ಧವೇ ಕಾದಾಡಿದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 60 ಸಾವಿರ ಜನ ಹುಟ್ಟಿದ ನೆಲವನ್ನು ತೊರೆದು ಹಡಗು ಹತ್ತಿದ್ದರು.

ಇವರನ್ನು ಇತಿಹಾಸಕಾರರು 'ಲಾಯಲಿಸ್ಟರು', ಅಂದರೆ ರಾಜನಿಷ್ಠರು ಎಂದು ಕರೆಯುತ್ತಾರೆ. ಸ್ವಾತಂತ್ರ್ಯವಾದಿಗಳು ಅಂದು ಇವರನ್ನು 'ಟೋರಿ'ಗಳೆಂದು ಹೀಗಳೆಯುತ್ತಿದ್ದರು. ತಮ್ಮನ್ನು 'ದೇಶಭಕ್ತರು' ಎಂದು ಕರೆದುಕೊಂಡವರನ್ನು ರಾಜನಿಷ್ಠರು 'ದಂಗೆಕೋರರು' ಎನ್ನುತ್ತಿದ್ದರು. 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಗೆ 2026ರ ಜುಲೈ 4ಕ್ಕೆ 250 ವರ್ಷ. ಗೆದ್ದವರ ಕಥೆ ಎಲ್ಲರಿಗೂ ಗೊತ್ತು. ಸೋತ ಪಕ್ಷದಲ್ಲಿದ್ದ ವಸಾಹತುಗಾರರ ಕಥೆಯನ್ನು ಇಲ್ಲಿ ನೀಡಲಾಗಿದೆ.

ಜಗಳದ ಹಿನ್ನೆಲೆ

ಫ್ರಾನ್ಸ್ ವಿರುದ್ಧ ಏಳು ವರ್ಷಗಳ ಯುದ್ಧವನ್ನು 1763ರಲ್ಲಿ ಗೆದ್ದ ಬ್ರಿಟನ್, ಸಾಲದ ಹೊರೆಯಿಂದ ಬಳಲುತ್ತಿತ್ತು. ಆ ಹೊರೆಯ ಒಂದು ಪಾಲನ್ನು ವಸಾಹತುಗಳ ಮೇಲೆ ಹೊರಿಸಲು 1765ರಲ್ಲಿ ಸ್ಟಾಂಪ್ ಕಾಯಿದೆ ಬಂತು. ತಮ್ಮ ಪ್ರತಿನಿಧಿಗಳೇ ಇಲ್ಲದ ಸಂಸತ್ತು ತಮ್ಮ ಮೇಲೆ ತೆರಿಗೆ ಹಾಕಕೂಡದು ಎಂದು ವಸಾಹತುಗಾರರು ಪ್ರತಿಭಟಿಸಿದರು. ಮರುವರ್ಷವೇ ಆ ಕಾಯಿದೆ ರದ್ದಾಯಿತಾದರೂ ಜಗಳ ನಿಲ್ಲಲಿಲ್ಲ. 1773ರ ಡಿಸೆಂಬರ್ 16ರಂದು ಬೋಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಚಹಾ ಪೆಟ್ಟಿಗೆಗಳು ನೀರುಪಾಲಾದವು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು.

ಮುಂದೆ ರಾಜನಿಷ್ಠರೆನಿಸಿಕೊಂಡವರಲ್ಲಿ ಅನೇಕರು ಈ ತೆರಿಗೆಗಳನ್ನು ಒಪ್ಪಿದ್ದವರೇನಲ್ಲ ಎಂಬುದು ಗಮನಾರ್ಹ. ಮ್ಯಾಸಚೂಸೆಟ್ಸ್‌ನ ಥಾಮಸ್ ಹಚಿನ್ಸನ್ ಇದಕ್ಕೆ ಉತ್ತಮ ಉದಾಹರಣೆ. ವಸಾಹತಿನ ಹಳೆಯ ಮನೆತನದಲ್ಲಿ ಹುಟ್ಟಿ, ಅದರ ಇತಿಹಾಸವನ್ನೇ ಬರೆದ ಈತ ಸ್ಟಾಂಪ್ ಕಾಯಿದೆ ತಪ್ಪೆಂದು ಖಾಸಗಿಯಾಗಿ ವಾದಿಸಿದ್ದ. ಆದರೆ ಕಾಯಿದೆ ಒಮ್ಮೆ ಜಾರಿಯಾದ ಮೇಲೆ ಪಾಲಿಸಲೇಬೇಕು ಎಂಬುದು ಆತನ ನಿಲುವು. 1765ರ ಆಗಸ್ಟ್ 26ರ ರಾತ್ರಿ ಗುಂಪೊಂದು ಆತನ ಬೋಸ್ಟನ್ ಮನೆಗೆ ನುಗ್ಗಿ ಸರ್ವಸ್ವವನ್ನೂ ಧ್ವಂಸ ಮಾಡಿತು. ಇತಿಹಾಸ ಗ್ರಂಥದ ಹಸ್ತಪ್ರತಿ ಬೀದಿಯ ಕೆಸರಿನಲ್ಲಿ ಬಿದ್ದಿತ್ತು. ಮುಂದೆ ಗವರ್ನರ್ ಆದ ಹಚಿನ್ಸನ್ 1774ರಲ್ಲಿ ಇಂಗ್ಲೆಂಡಿಗೆ ಹೋದವನು ಮರಳಲಿಲ್ಲ. ಮಿಲ್ಟನ್ ಊರಿನ ತನ್ನ ಮನೆಗೆ ಹಿಂದಿರುಗುವ ಆಸೆಯಲ್ಲೇ 1780ರಲ್ಲಿ ತೀರಿಕೊಂಡ.

ಪೆನ್ಸಿಲ್ವೇನಿಯಾದ ಜೋಸೆಫ್ ಗ್ಯಾಲೊವೆ 1774ರ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್‌ನಲ್ಲಿ ಮಧ್ಯಮಮಾರ್ಗವೊಂದನ್ನು ಮುಂದಿಟ್ಟಿದ್ದ. ವಸಾಹತುಗಳಿಗೆ ತಮ್ಮದೇ ಒಂದು ಮಹಾಸಭೆ ಇರಲಿ, ಅದಕ್ಕೆ ದೊರೆ ನೇಮಿಸಿದ ಅಧ್ಯಕ್ಷ ಇರಲಿ, ಅಮೆರಿಕಕ್ಕೆ ಸಂಬಂಧಿಸಿದ ಕಾನೂನುಗಳಿಗೆ ಆ ಸಭೆ ಹಾಗೂ ಬ್ರಿಟಿಷ್ ಸಂಸತ್ತು ಎರಡರ ಒಪ್ಪಿಗೆಯೂ ಬೇಕಾಗಲಿ ಎಂಬುದು ಆತನ ಸೂಚನೆ. ಒಂದೇ ವಸಾಹತಿನ ಮತದ ಅಂತರದಿಂದ ಅದು ಮೂಲೆಗೆ ಸರಿಯಿತು. ನಾಲ್ಕು ವರ್ಷಗಳ ನಂತರ ಗ್ಯಾಲೊವೆ ಕೂಡ ಇಂಗ್ಲೆಂಡಿನ ಹಾದಿ ಹಿಡಿದ.

ಎಷ್ಟು ಮಂದಿ? ಯಾರು?

ಜನರಲ್ಲಿ ಮೂರನೆಯ ಒಂದು ಪಾಲು ಸ್ವಾತಂತ್ರ್ಯದ ಪರ, ಒಂದು ಪಾಲು ವಿರುದ್ಧ, ಉಳಿದ ಪಾಲು ತಟಸ್ಥ ಎಂದು ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಹೇಳಿದ್ದಾಗಿ ಬಹಳ ಕಡೆ ಉಲ್ಲೇಖವಾಗಿದೆ. ಇದು ತಪ್ಪು ಗ್ರಹಿಕೆ. 1815ರ ಆ ಪತ್ರದಲ್ಲಿ ಆಡಮ್ಸ್ ಪ್ರಸ್ತಾಪಿಸಿದ್ದು ಫ್ರಾನ್ಸಿನ ಕ್ರಾಂತಿಯ ಬಗ್ಗೆ ಅಮೆರಿಕನ್ನರಲ್ಲಿದ್ದ ಅಭಿಪ್ರಾಯವನ್ನು. ಇತಿಹಾಸಕಾರರ ಅಂದಾಜಿನಂತೆ ಬಿಳಿಯರ ಪೈಕಿ ಶೇಕಡಾ 15ರಿಂದ 20ರಷ್ಟು ಜನ ರಾಜನಿಷ್ಠರಾಗಿದ್ದರು. ಹದಿಮೂರು ವಸಾಹತುಗಳ ಒಟ್ಟು ಜನಸಂಖ್ಯೆ ಸುಮಾರು 25 ಲಕ್ಷ. ಅದರಲ್ಲಿ ಸುಮಾರು 5 ಲಕ್ಷ ಮಂದಿ ಆಫ್ರಿಕ ಮೂಲದವರು, ಬಹುತೇಕ ಎಲ್ಲರೂ ಗುಲಾಮರು. ಬ್ರಿಟಿಷರ ಪರ ರಚನೆಯಾದ ಅಮೆರಿಕನ್ ಪ್ರಾಂತೀಯ ದಳಗಳಲ್ಲಿ ಯುದ್ಧದ ಉದ್ದಕ್ಕೂ ಸೇವೆ ಸಲ್ಲಿಸಿದವರ ಸಂಖ್ಯೆ ಸುಮಾರು 19 ಸಾವಿರ ಎಂಬ ಅಂದಾಜಿದೆ.

ರಾಜನಿಷ್ಠರೆಂದರೆ ಸಿರಿವಂತ ವರ್ತಕರು, ಸರಕಾರಿ ಅಧಿಕಾರಿಗಳು ಮಾತ್ರ ಎಂಬ ಭಾವನೆ ಸರಿಯಲ್ಲ. ಅವರಲ್ಲಿ ರೈತರು, ಬಡಗಿಗಳು, ಅಂಗಡಿಕಾರರು, ಇತ್ತೀಚೆಗಷ್ಟೇ ವಲಸೆ ಬಂದ ಸ್ಕಾಟರು ಎಲ್ಲರೂ ಇದ್ದರು. ಆಂಗ್ಲಿಕನ್ ಪಾದ್ರಿಗಳಿಗೆ ಇದು ಧರ್ಮಸಂಕಟವೇ ಆಗಿತ್ತು. ದೊರೆಯೇ ಅವರ ಚರ್ಚಿನ ಮುಖ್ಯಸ್ಥ. ಅವನ ಹೆಸರಿನಲ್ಲಿ ಪ್ರಮಾಣ ಮಾಡಿ ದೀಕ್ಷೆ ಪಡೆದವರು ಪ್ರಾರ್ಥನೆಯಲ್ಲಿ ಅವನ ಹೆಸರು ಬಿಡುವುದಾದರೂ ಹೇಗೆ? ಮೇರಿಲ್ಯಾಂಡಿನ ಪಾದ್ರಿ ಜೊನಾಥನ್ ಬೌಚರ್ ಗುಂಡು ತುಂಬಿದ ಪಿಸ್ತೂಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಉಪದೇಶ ಮಾಡುತ್ತಿದ್ದ.

ವಸಾಹತಿನೊಳಗೆ ಅಲ್ಪಸಂಖ್ಯಾತರಾಗಿದ್ದ ಎಷ್ಟೋ ಗುಂಪುಗಳಿಗೆ ದೂರದ ದೊರೆಗಿಂತ ಹತ್ತಿರದ ಬಹುಸಂಖ್ಯಾತರ ಭಯವೇ ಹೆಚ್ಚಾಗಿತ್ತು. ನ್ಯೂಯಾರ್ಕಿನಲ್ಲಿ ಜಮೀನ್ದಾರ ಸ್ವಾತಂತ್ರ್ಯವಾದಿಯಾದರೆ ಅವನ ಗೇಣಿದಾರರು ರಾಜನಿಷ್ಠರಾದದ್ದುಂಟು. ಊರೊಳಗಿನ ಹಳೆಯ ಗಡಿ ತಕರಾರು, ಸಾಲದ ಜಗಳ, ಚರ್ಚಿನ ಭೇದ ಇವೆಲ್ಲ ಯಾರು ಯಾವ ಕಡೆ ನಿಲ್ಲಬೇಕೆಂಬುದನ್ನು ಸಾಕಷ್ಟು ಮಟ್ಟಿಗೆ ನಿರ್ಧರಿಸಿದವು. ಯಾವ ಸೈನ್ಯ ಊರಿಗೆ ಬಂದರೆ ಆ ಸೈನ್ಯದ ಪರ ಎನ್ನುತ್ತಾ ದಿನ ನೂಕಿದವರೂ ಕಡಿಮೆಯಿರಲಿಲ್ಲ. ಬ್ರಿಟಿಷರ ವಶದಲ್ಲಿದ್ದ ನ್ಯೂಯಾರ್ಕ್ ನಗರದಲ್ಲಿ 1776ರ ನವೆಂಬರ್‌ನಲ್ಲಿ ದೊರೆಗೆ ನಿಷ್ಠೆ ಸಾರುವ ಮನವಿಗೆ 547 ಜನ ಸಹಿ ಹಾಕಿದರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಜನರ ಹೆಸರುಗಳು ಪಠ್ಯಗಳಲ್ಲಿವೆ. ಈ 547 ಹೆಸರುಗಳನ್ನು ನೆನೆಯುವವರು ವಿರಳ.

ಒಡೆದ ಮನೆಗಳು

ಈ ಬಿರುಕು ಮನೆಗಳ ಒಳಗೂ ನುಸುಳಿತು. ಅತ್ಯಂತ ಪ್ರಸಿದ್ಧವಾದದ್ದು ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಆತನ ಮಗ ವಿಲಿಯಂ ಫ್ರಾಂಕ್ಲಿನ್ ಪ್ರಕರಣ. ವಿವಾಹಬಾಹಿರವಾಗಿ ಹುಟ್ಟಿದ ಈ ಮಗನನ್ನು ತಂದೆ ತನ್ನ ಮನೆಯಲ್ಲೇ ಸಾಕಿದ್ದ. 1752ರ ಸುಪ್ರಸಿದ್ಧ ಗಾಳಿಪಟದ ಪ್ರಯೋಗದಲ್ಲಿ ತಂದೆಗೆ ನೆರವಾದವನು ವಿಲಿಯಂ. ತಂದೆಯೊಡನೆ ಲಂಡನ್ನಿಗೆ ಹೋಗಿ ಕಾನೂನು ಓದಿದ ಆತ 1763ರಲ್ಲಿ ನ್ಯೂಜೆರ್ಸಿಯ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ.

ತಂದೆ ಸ್ವಾತಂತ್ರ್ಯ ಘೋಷಣೆಯ ಕರಡು ಸಮಿತಿಯಲ್ಲಿ ಕುಳಿತಿದ್ದ 1776ರ ಜೂನ್ ತಿಂಗಳಲ್ಲೇ ಮಗನ ಬಂಧನವಾಯಿತು. ಕನೆಕ್ಟಿಕಟ್‌ಗೆ ಒಯ್ಯಲಾದ ವಿಲಿಯಂ, ದೊರೆಯ ಕ್ಷಮಾಪತ್ರಗಳನ್ನು ಗುಟ್ಟಾಗಿ ಹಂಚಿದನೆಂಬ ಕಾರಣಕ್ಕೆ ಏಕಾಂತ ಸೆರೆಯನ್ನೂ ಅನುಭವಿಸಿದ. 1777ರಲ್ಲಿ ಆತನ ಪತ್ನಿ ಎಲಿಜಬೆತ್ ನ್ಯೂಯಾರ್ಕಿನಲ್ಲಿ ಮರಣಶಯ್ಯೆಯಲ್ಲಿದ್ದಾಗ, ನೋಡಿ ಬರಲು ಅವಕಾಶ ಕೋರಿದ. ಜಾರ್ಜ್ ವಾಷಿಂಗ್ಟನ್ ಆ ಕೋರಿಕೆಯನ್ನು ಕಾಂಗ್ರೆಸ್‌ಗೆ ಕಳಿಸಿದರೂ ಕಾಂಗ್ರೆಸ್ ಒಪ್ಪಲಿಲ್ಲ. ಆಕೆ ಗಂಡನ ಮುಖ ಕಾಣದೆಯೇ ತೀರಿಕೊಂಡಳು.

ಕೈದಿಗಳ ವಿನಿಮಯದಲ್ಲಿ 1778ರಲ್ಲಿ ಬಿಡುಗಡೆಯಾದ ವಿಲಿಯಂ ನ್ಯೂಯಾರ್ಕಿನಲ್ಲಿ ರಾಜನಿಷ್ಠರ ಮಂಡಳಿಯೊಂದರ ನೇತೃತ್ವ ವಹಿಸಿದ. 1782ರ ಏಪ್ರಿಲ್‌ನಲ್ಲಿ ಸ್ವಾತಂತ್ರ್ಯವಾದಿ ಸೇನೆಯ ಜೋಶುವಾ ಹಡಿ ಎಂಬ ಕೈದಿಯನ್ನು ರಾಜನಿಷ್ಠರು ಗಲ್ಲಿಗೇರಿಸಿದಾಗ, ಆ ಕೆಲಸ ಮಂಡಳಿಯ ಅಪ್ಪಣೆಯಂತೆಯೇ ನಡೆಯಿತೆಂಬ ಆರೋಪ ಬಂತು. ಅದೇ ವರ್ಷ ಆತ ಇಂಗ್ಲೆಂಡಿಗೆ ಹೊರಟುಹೋದ.

ಯುದ್ಧ ಮುಗಿದ ಬಳಿಕ 1784ರಲ್ಲಿ ವಿಲಿಯಂ ರಾಜಿ ಬಯಸಿ ಪತ್ರ ಬರೆದ. ಮುಪ್ಪಿನಲ್ಲಿ ಒಬ್ಬನೇ ಮಗ ಕೈಬಿಟ್ಟದ್ದಲ್ಲದೆ ತನ್ನ ವಿರುದ್ಧವೇ ಆಯುಧ ಹಿಡಿದದ್ದರಷ್ಟು ನೋವು ತನಗೆ ಬೇರಾವುದರಿಂದಲೂ ಆಗಲಿಲ್ಲ ಎಂಬ ಅರ್ಥದಲ್ಲಿ ತಂದೆ ಉತ್ತರಿಸಿದ. 1785ರಲ್ಲಿ ಸೌತಾಂಪ್ಟನ್‌ನಲ್ಲಿ ನಡೆದ ಕೊನೆಯ ಭೇಟಿಯಲ್ಲಿ ಇಬ್ಬರೂ ಆಸ್ತಿ ವ್ಯವಹಾರ ಮುಗಿಸಿಕೊಂಡರು, ಮನಸ್ಸು ಕೂಡಲಿಲ್ಲ. 1790ರಲ್ಲಿ ತೀರಿಕೊಂಡ ಬೆಂಜಮಿನ್ ತನ್ನ ಉಯಿಲಿನಲ್ಲಿ ಮಗನಿಗೆ ಬಿಟ್ಟದ್ದು ನೋವಾ ಸ್ಕೋಷಿಯಾದ ಒಂದಿಷ್ಟು ಭೂಮಿಯ ಹಕ್ಕು ಮತ್ತು ಮಗನ ಬಳಿಯೇ ಇದ್ದ ಪುಸ್ತಕ, ಕಾಗದಗಳನ್ನು. ಯುದ್ಧದಲ್ಲಿ ಮಗ ನಡೆದುಕೊಂಡ ರೀತಿಯೇ ಇದಕ್ಕೆ ಕಾರಣವೆಂದು ಉಯಿಲಿನಲ್ಲೇ ದಾಖಲಿಸಿದ.

ವರ್ಜೀನಿಯಾದ ರಾಂಡಾಲ್ಫ್ ಮನೆತನದ್ದೂ ಇದೇ ಪಾಡು. ಪೇಟನ್ ರಾಂಡಾಲ್ಫ್ ಕಾಂಟಿನೆಂಟಲ್ ಕಾಂಗ್ರೆಸ್‌ನ ಮೊದಲ ಅಧ್ಯಕ್ಷ. ಆತನ ಸೋದರ ಜಾನ್ ರಾಂಡಾಲ್ಫ್ ವಸಾಹತಿನ ಅಟಾರ್ನಿ ಜನರಲ್ ಆಗಿದ್ದು 1775ರಲ್ಲಿ ಹೆಂಡತಿ, ಹೆಣ್ಣುಮಕ್ಕಳೊಡನೆ ಇಂಗ್ಲೆಂಡಿಗೆ ಹೊರಟ. ಜಾನನ ಮಗ ಎಡ್ಮಂಡ್ ಮಾತ್ರ ಅಮೆರಿಕದಲ್ಲೇ ಉಳಿದು ವಾಷಿಂಗ್ಟನ್ನನ ಸಹಾಯಕನಾದ. ಮುಂದೆ ಹೊಸ ರಾಷ್ಟ್ರದ ಮೊದಲ ಅಟಾರ್ನಿ ಜನರಲ್ ಆದ. ಬೋಸ್ಟನ್ನಿನ ಲೂಸಿ ಫ್ಲಕರ್ ವಸಾಹತಿನ ರಾಜಕಾರ್ಯದರ್ಶಿಯ ಮಗಳು. ಪುಸ್ತಕದಂಗಡಿಯ ಹೆನ್ರಿ ನಾಕ್ಸ್‌ನನ್ನು ಮದುವೆಯಾದಳು. ಗಂಡ ವಾಷಿಂಗ್ಟನ್ನನ ಫಿರಂಗಿದಳದ ಮುಖ್ಯಸ್ಥನಾದ, ತವರಿನವರು ದೇಶ ಬಿಟ್ಟರು. ಆಕೆ ಹೆತ್ತವರನ್ನು ಮತ್ತೆ ನೋಡಲೇ ಇಲ್ಲ.

ಪ್ರಮಾಣ, ಬಹಿಷ್ಕಾರ, ಜಪ್ತಿ

ಘೋಷಣೆಯಾದ ಮೇಲೆ ನಿಷ್ಠೆ ಎಂಬುದು ಮನಸ್ಸಿನೊಳಗಿನ ವಿಷಯವಾಗಿ ಉಳಿಯಲಿಲ್ಲ. ಪ್ರತಿ ರಾಜ್ಯವೂ ಹೊಸ ಸರಕಾರಕ್ಕೆ ನಿಷ್ಠೆಯ ಪ್ರಮಾಣವನ್ನು ಕಡ್ಡಾಯಗೊಳಿಸುವ ಕಾಯಿದೆ ತಂದಿತು. ಪ್ರಮಾಣ ಮಾಡದವರು ಮತ ಹಾಕುವಂತಿಲ್ಲ, ಹುದ್ದೆ ಹಿಡಿಯುವಂತಿಲ್ಲ. ಕೆಲವೆಡೆ ಸಾಲ ವಸೂಲಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ, ದುಪ್ಪಟ್ಟು ತೆರಿಗೆಯೂ ತಪ್ಪದು. ಊರೂರಿನ ಸಮಿತಿಗಳು ನೆರೆಯವರ ಮಾತು, ಪತ್ರ, ಅಂಗಡಿಯ ಸಾಮಾನು ಎಲ್ಲದರ ಮೇಲೂ ಕಣ್ಣಿಟ್ಟವು.

ಗುಂಪಿನ ನ್ಯಾಯ ಇನ್ನೂ ಕಠೋರ. 1774ರ ಜನವರಿಯಲ್ಲಿ ಬೋಸ್ಟನ್ನಿನ ಸುಂಕದ ಅಧಿಕಾರಿ ಜಾನ್ ಮಾಲ್ಕಮ್‌ನನ್ನು ಕೊರೆಯುವ ಚಳಿಯಲ್ಲಿ ಬಟ್ಟೆ ಬಿಚ್ಚಿಸಿ, ಮೈಗೆ ಬಿಸಿ ಟಾರು ಬಳಿದು, ಹಕ್ಕಿಯ ಪುಕ್ಕ ಮೆತ್ತಿ ಬೀದಿ ಬೀದಿ ಮೆರವಣಿಗೆ ಮಾಡಲಾಯಿತು. ಕನೆಕ್ಟಿಕಟ್‌ನಲ್ಲಿ ರಾಜನಿಷ್ಠ ಕೈದಿಗಳನ್ನು ಪಾಳುಬಿದ್ದ ತಾಮ್ರದ ಗಣಿಯೊಳಗೆ, ನೆಲದಡಿಯ ಕತ್ತಲಲ್ಲಿ ಕೂಡಿಹಾಕಿದ್ದರು. ಮ್ಯಾಸಚೂಸೆಟ್ಸ್ 1778ರಲ್ಲಿ, ನ್ಯೂಯಾರ್ಕ್ 1779ರಲ್ಲಿ ಹೆಸರು ಹಿಡಿದು ಜನರನ್ನು ಗಡಿಪಾರು ಮಾಡುವ ಅಥವಾ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳುವ ಕಾಯಿದೆ ಮಾಡಿದವು. ಹಾಗೆ ವಶವಾದ ಆಸ್ತಿಯ ಮಾರಾಟದಿಂದ ಯುದ್ಧದ ಖರ್ಚಿಗೆ ಹಣ ಬಂತು.

ಹೆಂಗಸರ ಸ್ಥಿತಿ ಇನ್ನೊಂದು ಬಗೆಯದು. ಅಂದಿನ ಕಾನೂನಿನಂತೆ ಹೆಂಡತಿಯ ಆಸ್ತಿ ಗಂಡನ ಅಧೀನ. ಹೀಗಾಗಿ ಗಂಡನ ಅಪರಾಧಕ್ಕೆ ಹೆಂಡತಿಯ ಮನೆಯೂ ಹೋಗುತ್ತಿತ್ತು. ಜೋಸೆಫ್ ಗ್ಯಾಲೊವೆ ಮಗಳೊಡನೆ ದೇಶ ಬಿಟ್ಟಾಗ ಪತ್ನಿ ಗ್ರೇಸ್ ಗ್ರೋಡನ್ ಗ್ಯಾಲೊವೆ ತವರಿನಿಂದ ಬಂದ ಆಸ್ತಿಯನ್ನು ಉಳಿಸಿಕೊಳ್ಳಲೆಂದು ಫಿಲಡೆಲ್ಫಿಯಾದಲ್ಲೇ ಉಳಿದಳು. 1778ರಲ್ಲಿ ಅಧಿಕಾರಿಗಳು ಆಕೆಯನ್ನು ಮನೆಯಿಂದ ಹೊರಹಾಕಿದರು. ಬಾಡಿಗೆ ಕೋಣೆಯಲ್ಲಿ ದಿನಚರಿ ಬರೆಯುತ್ತಾ ಕಾಲ ಕಳೆದ ಆಕೆ 1782ರಲ್ಲಿ ಸತ್ತಳು. ಗಂಡ, ಮಗಳನ್ನು ಮತ್ತೆ ಕಾಣುವ ಭಾಗ್ಯ ಒದಗಲಿಲ್ಲ.

ಯಾವ ಕಡೆಗೂ ಸೇರದೆ ಇರುವುದೂ ಸುಲಭವಿರಲಿಲ್ಲ. ಕ್ವೇಕರ್ ಪಂಥದವರು ಧಾರ್ಮಿಕ ಕಾರಣಕ್ಕಾಗಿ ಯುದ್ಧವನ್ನೂ ಪ್ರಮಾಣವನ್ನೂ ಒಪ್ಪದವರು. 1777ರಲ್ಲಿ ಫಿಲಡೆಲ್ಫಿಯಾದ ಕೆಲವು ಕ್ವೇಕರ್ ಮುಖಂಡರನ್ನು ವಿಚಾರಣೆಯಿಲ್ಲದೆ ವರ್ಜೀನಿಯಾದ ವಿಂಚೆಸ್ಟರ್‌ಗೆ ಗಡಿಪಾರು ಮಾಡಲಾಯಿತು. ಮರುವರ್ಷ ನವೆಂಬರ್‌ನಲ್ಲಿ ಅಬ್ರಹಾಂ ಕಾರ್ಲೈಲ್ ಮತ್ತು ಜಾನ್ ರಾಬರ್ಟ್ಸ್ ಎಂಬಿಬ್ಬರು ಕ್ವೇಕರರು ಬ್ರಿಟಿಷರಿಗೆ ನೆರವಾದ ರಾಜದ್ರೋಹದ ಆರೋಪದ ಮೇಲೆ ಗಲ್ಲಿಗೇರಿದರು.

ದಕ್ಷಿಣದಲ್ಲಿ ಅಂತರ್ಯುದ್ಧ

ರಾಜನಿಷ್ಠರ ಬಲವನ್ನು ನೆಚ್ಚಿಯೇ ಬ್ರಿಟಿಷರು 1778ರ ನಂತರ ಯುದ್ಧವನ್ನು ದಕ್ಷಿಣದ ವಸಾಹತುಗಳಿಗೆ ಒಯ್ದರು. ಸೈನ್ಯ ಬಂದೊಡನೆ ನಿಷ್ಠ ಜನತೆ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ಲಂಡನ್ನಿನ ಲೆಕ್ಕಾಚಾರ. ಎದ್ದವರೇನೋ ಇದ್ದರು. ಆದರೆ ಸೈನ್ಯ ಮುಂದೆ ಸಾಗಿದೊಡನೆ ಅವರನ್ನು ಕಾಯುವವರು ಇರಲಿಲ್ಲ. ಮುಯ್ಯಿಗೆ ಮುಯ್ಯಿ ಎಂಬಂತೆ ಕೊಲೆ, ಕೊಳ್ಳೆ, ಬೆಂಕಿ ಎರಡೂ ಕಡೆಯಿಂದ ನಡೆದವು.

1780ರ ಅಕ್ಟೋಬರ್ 7ರಂದು ಎರಡೂ ಕ್ಯಾರೊಲಿನಾಗಳ ಗಡಿಯಲ್ಲಿ ನಡೆದ ಕಿಂಗ್ಸ್ ಮೌಂಟನ್ ಕದನ ಇದಕ್ಕೆ ಕನ್ನಡಿ. ಬ್ರಿಟಿಷ್ ಪಕ್ಷದಲ್ಲಿ ಸುಮಾರು ಸಾವಿರ ಮಂದಿ ಇದ್ದರೂ ಬ್ರಿಟನ್ನಿನಿಂದ ಬಂದವನೆಂದರೆ ಅವರ ನಾಯಕ, ಸ್ಕಾಟ್ಲೆಂಡಿನ ಮೇಜರ್ ಪ್ಯಾಟ್ರಿಕ್ ಫರ್ಗುಸನ್ ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಉಳಿದವರು ಅಮೆರಿಕದವರೇ, ಎದುರಾಳಿಗಳೂ ಅಮೆರಿಕದವರೇ. ಒಂದು ಗಂಟೆಯ ಕಾಳಗದಲ್ಲಿ ಫರ್ಗುಸನ್ ಸತ್ತು ರಾಜನಿಷ್ಠರು ಶರಣಾದರು. ಕೆಲವು ದಿನಗಳ ನಂತರ ಶರಣಾದವರ ಪೈಕಿ ಒಂಬತ್ತು ಮಂದಿಯನ್ನು ತರಾತುರಿಯ ವಿಚಾರಣೆ ನಡೆಸಿ ಮರಕ್ಕೆ ನೇಣುಹಾಕಲಾಯಿತು.

ಗುಲಾಮರ ಸ್ವಾತಂತ್ರ್ಯ ಯಾವ ಕಡೆ?

ಎಲ್ಲ ಮನುಷ್ಯರೂ ಸಮಾನರು ಎಂದು ಸಾರಿದ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ನೂರಾರು ಗುಲಾಮರ ಒಡೆಯ. ಇತ್ತ ವರ್ಜೀನಿಯಾದ ರಾಜಗವರ್ನರ್ ಲಾರ್ಡ್ ಡನ್‌ಮೋರ್ 1775ರ ನವೆಂಬರ್‌ನಲ್ಲಿ, ದಂಗೆಕೋರ ಒಡೆಯರನ್ನು ಬಿಟ್ಟುಬಂದು ದೊರೆಯ ಪರ ಆಯುಧ ಹಿಡಿಯುವ ಗುಲಾಮರಿಗೆ ಬಿಡುಗಡೆ ಎಂದು ಸಾರಿದ. ಇದರ ಹಿಂದೆ ಇದ್ದದ್ದು ಕರುಣೆಯಲ್ಲ, ಯುದ್ಧತಂತ್ರ. ರಾಜನಿಷ್ಠ ಒಡೆಯರ ಗುಲಾಮರಿಗೆ ಈ ಮಾತು ಅನ್ವಯಿಸುತ್ತಿರಲಿಲ್ಲ. ಡನ್‌ಮೋರ್‌ನಿಗೇ ಗುಲಾಮರಿದ್ದರು. ಆದರೂ ಸುದ್ದಿ ಕಾಡ್ಗಿಚ್ಚಿನಂತೆ ಹರಡಿತು. ಯುದ್ಧ ಮುಗಿಯುವಷ್ಟರಲ್ಲಿ ಸಾವಿರಾರು ಗುಲಾಮರು ಬ್ರಿಟಿಷ್ ಪಾಳೆಯಕ್ಕೆ ಓಡಿಬಂದಿದ್ದರು. ಸಿಡುಬು, ಜ್ವರಕ್ಕೆ ಬಲಿಯಾದವರಿಗೆ ಲೆಕ್ಕವಿಲ್ಲ. ಇನ್ನೊಂದು ಕಡೆ ಸುಮಾರು 5 ಸಾವಿರ ಕಪ್ಪುಜನರು ಸ್ವಾತಂತ್ರ್ಯವಾದಿಗಳ ಪರವಾಗಿಯೂ ಹೋರಾಡಿದರು.

ಹೀಗೆ ಓಡಿಬಂದವರಲ್ಲಿ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ತೋಟದ ಹ್ಯಾರಿ ವಾಷಿಂಗ್ಟನ್ ಒಬ್ಬ. ಶಾಂತಿ ಒಪ್ಪಂದದಲ್ಲಿ, ಗುಲಾಮರನ್ನು ಬ್ರಿಟಿಷರು ಕೊಂಡೊಯ್ಯಕೂಡದು ಎಂಬ ಷರತ್ತಿತ್ತು. 1783ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಈ ಬಗ್ಗೆ ಬ್ರಿಟಿಷ್ ದಂಡನಾಯಕ ಸರ್ ಗೈ ಕಾರ್ಲ್‌ಟನ್‌ನನ್ನು ಖುದ್ದಾಗಿ ಕೇಳಿದ. ಬಿಡುಗಡೆಯ ಮಾತು ಕೊಟ್ಟಾಗಿದೆ, ಅಂಥವರನ್ನು ಮತ್ತೆ ಗುಲಾಮಗಿರಿಗೆ ಒಪ್ಪಿಸುವುದು ಗೌರವಕ್ಕೆ ತಕ್ಕದ್ದಲ್ಲ ಎಂದು ಕಾರ್ಲ್‌ಟನ್ ನಿರಾಕರಿಸಿದ. ನ್ಯೂಯಾರ್ಕಿನಿಂದ ಹಡಗು ಹತ್ತಿದ 3 ಸಾವಿರ ಕಪ್ಪುಜನರ ಹೆಸರು, ವಯಸ್ಸು, ಹಿಂದಿನ ಒಡೆಯನ ವಿವರಗಳನ್ನು ದಾಖಲಿಸಿದ ಪುಸ್ತಕ ಇಂದಿಗೂ ಉಳಿದಿದೆ. ಆದರೆ ಬಿಳಿಯ ರಾಜನಿಷ್ಠರು ತಮ್ಮ 'ಆಸ್ತಿ'ಯೆಂದು ಸುಮಾರು 15 ಸಾವಿರ ಗುಲಾಮರನ್ನು ಜಮೈಕಾ, ಬಹಾಮಾಸ್ ಮುಂತಾದ ಕಡೆಗೆ ಸಾಗಿಸಿದರು ಎಂಬುದನ್ನೂ ಮರೆಯುವಂತಿಲ್ಲ.

ನೋವಾ ಸ್ಕೋಷಿಯಾ ತಲುಪಿದ ಕಪ್ಪುಜನರಿಗೆ ಸಿಕ್ಕಿದ್ದು ಕಲ್ಲುನೆಲ, ಅರೆಹೊಟ್ಟೆ. 1784ರಲ್ಲಿ ಶೆಲ್ಬರ್ನ್ ಊರಿನಲ್ಲಿ, ಕಡಿಮೆ ಕೂಲಿಗೆ ದುಡಿದು ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಾರೆಂದು ಬಿಳಿಯ ಮಾಜಿ ಸೈನಿಕರು ಅವರ ಮನೆಗಳನ್ನು ಕೆಡವಿದರು. 1792ರಲ್ಲಿ ಸುಮಾರು 1,200 ಮಂದಿ ಅಟ್ಲಾಂಟಿಕ್ ದಾಟಿ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೋಗಿ ಫ್ರೀಟೌನ್ ನಗರವನ್ನು ಕಟ್ಟಿದರು. ಅಲ್ಲಿ ಕಂಪೆನಿಯ ಆಡಳಿತ ವಿಧಿಸಿದ ಭೂಕಂದಾಯದ ವಿರುದ್ಧ 1800ರಲ್ಲಿ ಬಂಡಾಯ ನಡೆದಾಗ ಅದರಲ್ಲಿ ಹ್ಯಾರಿ ವಾಷಿಂಗ್ಟನ್ ಕೂಡ ಇದ್ದ. ಹಿಂದೆ ದೊರೆಯ ಪರ ನಿಂತವನು ಈಗ ದೊರೆಯ ಹೆಸರಿನ ಆಡಳಿತದಿಂದಲೇ ಗಡಿಪಾರಾದ.

ಮೂಲನಿವಾಸಿಗಳ ಒಡಕು

ಇಂದಿನ ನ್ಯೂಯಾರ್ಕ್ ರಾಜ್ಯದ ಭಾಗದಲ್ಲಿದ್ದ ಇರೊಕ್ವಾಯ್ ಒಕ್ಕೂಟದ ಆರು ಬುಡಕಟ್ಟುಗಳೂ ಒಡೆದವು. ಮೊಹಾಕ್, ಸೆನೆಕಾ, ಕಯೂಗಾ, ಆನಂಡಾಗಾ ಬುಡಕಟ್ಟುಗಳ ಹೆಚ್ಚಿನವರು ಬ್ರಿಟಿಷರ ಪರ. ಒನೈಡಾ, ಟಸ್ಕರೋರಾ ಜನರಲ್ಲಿ ಬಹುಪಾಲು ಸ್ವಾತಂತ್ರ್ಯವಾದಿಗಳ ಪರ. ವಸಾಹತುಗಾರರು ತಮ್ಮ ನೆಲವನ್ನು ಕಬಳಿಸದಂತೆ ದೊರೆ ತಡೆದಾನು ಎಂಬುದು ಮೊಹಾಕ್ ನಾಯಕ ಜೋಸೆಫ್ ಬ್ರಾಂಟ್‌ನ ನಂಬಿಕೆ. 1777ರ ಒರಿಸ್ಕನಿ ಕದನದಲ್ಲಿ ಈ ಬಂಧುಗಳೇ ಪರಸ್ಪರ ಎದುರಾದರು. 1779ರಲ್ಲಿ ಜನರಲ್ ಸಲಿವನ್‌ನ ಸೈನ್ಯ ಇರೊಕ್ವಾಯ್ ಜನರ 40ಕ್ಕೂ ಹೆಚ್ಚು ಹಳ್ಳಿಗಳನ್ನೂ ಬೆಳೆಯನ್ನೂ ಸುಟ್ಟುಹಾಕಿತು.

1783ರ ಪ್ಯಾರಿಸ್ ಒಪ್ಪಂದದಲ್ಲಿ ಮೂಲನಿವಾಸಿಗಳ ಪ್ರಸ್ತಾಪವೇ ಇರಲಿಲ್ಲ. ಬ್ರಾಂಟ್ ತನ್ನವರೊಡನೆ ಕೆನಡಾದ ಗ್ರ್ಯಾಂಡ್ ನದಿಯ ದಡಕ್ಕೆ ಹೋದ. ಗೆದ್ದ ಪಕ್ಷದಲ್ಲಿದ್ದ ಒನೈಡಾ ಜನರೂ ಮುಂದಿನ ದಶಕಗಳಲ್ಲಿ ತಮ್ಮ ನೆಲದ ಬಹುಭಾಗವನ್ನು ಕಳೆದುಕೊಂಡರು. ಯಾವ ಪಕ್ಷ ಹಿಡಿದರೂ ಮೂಲನಿವಾಸಿಗಳಿಗೆ ಒದಗಿದ ಫಲ ಒಂದೇ.

ಯಾರ್ಕ್‌ಟೌನ್, ಒಪ್ಪಂದ, ವಲಸೆ

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶರಣಾದ. ತನ್ನ ಜೊತೆಗಿದ್ದ ರಾಜನಿಷ್ಠರನ್ನು ಶಿಕ್ಷಿಸಬಾರದೆಂಬ ಆತನ ಕೋರಿಕೆಯನ್ನು ವಾಷಿಂಗ್ಟನ್ ಒಪ್ಪಲಿಲ್ಲ. ಆದರೆ 'ಬೊನೆಟಾ' ಎಂಬ ಹಡಗು ತಪಾಸಣೆಯಿಲ್ಲದೆ ನ್ಯೂಯಾರ್ಕಿಗೆ ಹೋಗಲು ಸಮ್ಮತಿಸಿದ. ಆ ಹಡಗಿನಲ್ಲಿ ಎಷ್ಟೋ ರಾಜನಿಷ್ಠರು ಪಾರಾದರು; ಜಾಗ ಸಿಗದವರು ದಡದಲ್ಲೇ ಉಳಿದರು.

1783ರ ಸೆಪ್ಟೆಂಬರ್ 3ರ ಪ್ಯಾರಿಸ್ ಒಪ್ಪಂದದ ಐದನೆಯ ವಿಧಿಯಂತೆ, ಮುಟ್ಟುಗೋಲಾದ ಆಸ್ತಿಯನ್ನು ಮರಳಿಸುವಂತೆ ಕಾಂಗ್ರೆಸ್ ರಾಜ್ಯಗಳಿಗೆ ಶಿಫಾರಸು ಮಾಡಬೇಕಿತ್ತು. ಶಿಫಾರಸು ಮಾಡುವುದಷ್ಟೇ ಅದರ ಕೈಲಿತ್ತು. ರಾಜ್ಯಗಳು ಬಹುಮಟ್ಟಿಗೆ ಕಿವಿಗೊಡಲಿಲ್ಲ. ತಮ್ಮನ್ನು ನಂಬಿ ಕೆಟ್ಟವರನ್ನು ಸರಕಾರ ನಡುನೀರಿನಲ್ಲಿ ಕೈಬಿಟ್ಟಿತೆಂದು ಬ್ರಿಟಿಷ್ ಸಂಸತ್ತಿನಲ್ಲೇ ಟೀಕೆ ಕೇಳಿಬಂತು. ಅದೇ ವರ್ಷ ನೇಮಕವಾದ ಆಯೋಗದ ಮುಂದೆ 3 ಸಾವಿರಕ್ಕೂ ಹೆಚ್ಚು ಜನ ನಷ್ಟದ ಅರ್ಜಿ ಸಲ್ಲಿಸಿದರು. ಅಂತಿಮವಾಗಿ ಸುಮಾರು 30 ಲಕ್ಷ ಪೌಂಡ್ ಪರಿಹಾರ ನೀಡಲಾಯಿತು. ಕೇಳಿದ ಮೊತ್ತಕ್ಕಿಂತ ಇದು ಬಹಳ ಕಡಿಮೆ. ದಾಖಲೆ, ಸಾಕ್ಷಿ ಒದಗಿಸಬಲ್ಲವರಿಗೆ, ಅಂದರೆ ಉಳ್ಳವರಿಗೆ, ಹೆಚ್ಚು ದಕ್ಕಿತು; ಕಪ್ಪುಜನರಿಗೆ ಸಿಕ್ಕಿದ್ದು ಅತ್ಯಲ್ಪ.

1782ರಲ್ಲಿ ಸವಾನಾ ಮತ್ತು ಚಾರ್ಲ್ಸ್‌ಟನ್, 1783ರ ನವೆಂಬರ್ 25ರಂದು ನ್ಯೂಯಾರ್ಕ್ ಬ್ರಿಟಿಷರ ಕೈಬಿಟ್ಟವು. ಇತಿಹಾಸಕಾರ್ತಿ ಮಾಯಾ ಜಸಾನಾಫ್ ಅವರ ಲೆಕ್ಕದಂತೆ ಸುಮಾರು 60 ಸಾವಿರ ರಾಜನಿಷ್ಠರು ಹಾಗೂ ಅವರೊಡನೆ ಒಯ್ದ 15 ಸಾವಿರ ಗುಲಾಮರು ದೇಶ ಬಿಟ್ಟರು. ಅಂದರೆ ಜನಸಂಖ್ಯೆಯಲ್ಲಿ ಸುಮಾರು 40ಕ್ಕೆ ಒಬ್ಬರು. ಅರ್ಧದಷ್ಟು ಮಂದಿ ನೋವಾ ಸ್ಕೋಷಿಯಾಕ್ಕೆ ಹೋದರು. ಅವರಿಗಾಗಿಯೇ 1784ರಲ್ಲಿ ನ್ಯೂಬ್ರನ್ಸ್‌ವಿಕ್ ಎಂಬ ಹೊಸ ಪ್ರಾಂತ ರಚನೆಯಾಯಿತು. ಪೂರ್ವ ಫ್ಲಾರಿಡಾಕ್ಕೆ ಹೋದವರ ಪಾಡು ಹೇಳತೀರದು. ಆ ಪ್ರಾಂತವನ್ನು ಬ್ರಿಟನ್ 1783ರಲ್ಲಿ ಸ್ಪೇನಿಗೆ ಬಿಟ್ಟುಕೊಟ್ಟಿದ್ದರಿಂದ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು.

ಮೈಸೂರಿನ ನಂಟು

ಈ ಸಮರದ ಅಲೆ ಕನ್ನಡ ನಾಡನ್ನೂ ತಟ್ಟಿದೆ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ಯುದ್ಧಕ್ಕಿಳಿದಾಗ ಭಾರತದ ಫ್ರೆಂಚ್ ನೆಲೆಗಳ ಮೇಲೂ ಬ್ರಿಟಿಷರು ಮುಗಿಬಿದ್ದರು. 1779ರಲ್ಲಿ ಮಾಹೆಯನ್ನು ಹಿಡಿದದ್ದು ಹೈದರಾಲಿಯನ್ನು ಕೆರಳಿಸಿತು. 1780ರಲ್ಲಿ ಎರಡನೆಯ ಮೈಸೂರು ಯುದ್ಧ ಆರಂಭವಾಯಿತು. ಬ್ರಿಟಿಷರನ್ನು ಕಾಡಿದ ಹೈದರನ ಹೆಸರು ಅಮೆರಿಕದಲ್ಲೂ ಜನಪ್ರಿಯವಾಯಿತು. ಪೆನ್ಸಿಲ್ವೇನಿಯಾದ ಯುದ್ಧನೌಕೆಯೊಂದಕ್ಕೆ 'ಹೈದರ್ ಅಲಿ' ಎಂದೇ ಹೆಸರಿಡಲಾಗಿತ್ತು. 1782ರ ಏಪ್ರಿಲ್ 8ರಂದು ಅದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ.

ಉಳಿದವರು, ಮರೆತವರು

ರಾಜನಿಷ್ಠರಲ್ಲಿ ಹೆಚ್ಚಿನವರು ದೇಶ ಬಿಡಲಿಲ್ಲ ಎಂಬುದು ಈ ಕಥೆಯ ಕೊನೆಯ ಮುಖ್ಯ ಅಂಶ. ಅವರು ತಲೆ ತಗ್ಗಿಸಿ ಊರಿನಲ್ಲೇ ಉಳಿದರು. ಕ್ರಮೇಣ ಕಾಯಿದೆಗಳು ಸಡಿಲಗೊಂಡವು. 1784ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಬ್ರಿಟಿಷ್ ಪಕ್ಷದ ವರ್ತಕನೊಬ್ಬನ ಪರ ವಕಾಲತ್ತು ವಹಿಸಿದವನು ವಾಷಿಂಗ್ಟನ್ನನ ಆಪ್ತನಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಸೇಡಿನ ಕಾಯಿದೆಗಳಿಂದ ಒಪ್ಪಂದವನ್ನು ಮುರಿದಂತಾಗುತ್ತದೆ, ಹೊಸ ರಾಷ್ಟ್ರದ ಮಾತಿಗೆ ಬೆಲೆಯಿಲ್ಲದಂತಾಗುತ್ತದೆ ಎಂಬುದು ಆತನ ವಾದ. ದೊರೆಯ ಪರ ಕರಪತ್ರ ಬರೆದು ಸೆರೆ ಕಂಡಿದ್ದ ಪಾದ್ರಿ ಸ್ಯಾಮುಯೆಲ್ ಸೀಬರಿ ಅದೇ 1784ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಮೊದಲ ಬಿಷಪ್ ಆದ.

ಕೆನಡಾದಲ್ಲಿ ಈ ವಲಸಿಗರಿಗೆ ಬೇರೆಯೇ ಸ್ಥಾನ ದೊರೆಯಿತು. 1789ರಲ್ಲಿ ಅಲ್ಲಿನ ಗವರ್ನರ್ ಲಾರ್ಡ್ ಡಾರ್ಚೆಸ್ಟರ್, ಅಂದರೆ ಹಿಂದಿನ ಗೈ ಕಾರ್ಲ್‌ಟನ್, ಅವರಿಗೂ ಅವರ ಸಂತತಿಗೂ ವಿಶೇಷ ಗೌರವದ ಬಿರುದು ಘೋಷಿಸಿದ. ಅವರ ಒತ್ತಡದ ಫಲವಾಗಿ 1791ರಲ್ಲಿ ಕ್ವಿಬೆಕ್ ಎರಡು ಪ್ರಾಂತಗಳಾಗಿ ಒಡೆಯಿತು. ಅದರಲ್ಲೊಂದು ಇಂದಿನ ಆಂಟೇರಿಯೊ. ಗಡಿಯ ಒಂದು ಬದಿಯಲ್ಲಿ ದ್ರೋಹಿಗಳೆನಿಸಿದವರು ಇನ್ನೊಂದು ಬದಿಯಲ್ಲಿ ನಾಡು ಕಟ್ಟಿದವರೆನಿಸಿದರು. ನಡೆದ ಯುದ್ಧ ಒಂದೇ, ಜನರೂ ಅವರೇ. ಬದಲಾದದ್ದು ಹೇಳುವವರು ನಿಂತ ನೆಲ ಮಾತ್ರ.

ಘಟನಾವಳಿ

1765: ಸ್ಟಾಂಪ್ ಕಾಯಿದೆ, ಹಚಿನ್ಸನ್ ಮನೆಯ ಮೇಲೆ ದಾಳಿ
1774: ಗ್ಯಾಲೊವೆ ಯೋಜನೆಗೆ ಸೋಲು
1775: ಲೆಕ್ಸಿಂಗ್ಟನ್ ಕದನ, ಡನ್‌ಮೋರ್ ಘೋಷಣೆ
1776: ಮಾರ್ಚ್ 17ರಂದು ಬ್ರಿಟಿಷ್ ಸೈನ್ಯದೊಡನೆ ಸುಮಾರು 1,100 ರಾಜನಿಷ್ಠರು ಬೋಸ್ಟನ್ ತೊರೆದರು, ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ
1780: ಕಿಂಗ್ಸ್ ಮೌಂಟನ್ ಕದನ
1781: ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸ್ ಶರಣಾಗತಿ
1783: ಪ್ಯಾರಿಸ್ ಒಪ್ಪಂದ, ನ್ಯೂಯಾರ್ಕ್ ತೆರವು
1784: ನ್ಯೂಬ್ರನ್ಸ್‌ವಿಕ್ ಪ್ರಾಂತದ ಉದಯ
1792: ಕಪ್ಪು ರಾಜನಿಷ್ಠರಿಂದ ಫ್ರೀಟೌನ್ ನಿರ್ಮಾಣ